ಅಪ್ಪನಿಗೆ ವಿಆರ್ ಬ್ಯಾಲೆನ್ಸ್ ತರಬೇತಿ ಕೊಡಿಸಬಹುದಾ?

ಪ್ರಶ್ನೆ: ನಾನು ಮಂಡ್ಯದವಳು. ನಮ್ಮ ತಂದೆಗೆ 72 ವರ್ಷ, ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಹೋದ ವರ್ಷ ಮೈಸೂರಿನಲ್ಲಿ ನರರೋಗ ತಜ್ಞರು ಪರೀಕ್ಷೆ ಮಾಡಿ ‘ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್’ ಎಂದರು, ಅಂದರೆ ವಯಸ್ಸಿಗೆ ಮೀರಿದ ಸ್ವಲ್ಪ ಮರೆವು. ಸ್ನಾನ, ಊಟ, ಬ್ಯಾಂಕು ಎಲ್ಲ ತಾವೇ ನೋಡಿಕೊಳ್ಳುತ್ತಾರೆ. ಆದರೆ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಲೆಕ್ಕ ತಪ್ಪುತ್ತಾರೆ. ಈಚೆಗೆ ಎರಡು ಸಲ ಬಿದ್ದರು. ಒಂದು ಸಲ ಬಚ್ಚಲುಮನೆಯಲ್ಲಿ, ಇನ್ನೊಂದು ಸಲ ಪೇಟೆಬೀದಿಯಲ್ಲಿ ಫೋನಿನಲ್ಲಿ ಮಾತಾಡುತ್ತಾ ನಡೆಯುವಾಗ. ಮೈಸೂರಿನ ಒಂದು ಸೆಂಟರ್‌ನಲ್ಲಿ ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರ್ ದೃಶ್ಯದೊಳಗೇ ಇರುವಂತೆ ಅನ್ನಿಸುವ ತಂತ್ರ) ಹೆಡ್‌ಸೆಟ್ ಹಾಕಿಸಿ ಬ್ಯಾಲೆನ್ಸ್ ತರಬೇತಿ ಕೊಡುತ್ತಾರಂತೆ, ನೆನಪಿನ ಶಕ್ತಿಯೂ ಜಾಸ್ತಿಯಾಗುತ್ತದಂತೆ. ಕೊಡಿಸಬಹುದಾ? ತಲೆ ಸುತ್ತುವುದಿಲ್ವಾ? ಹೆಡ್‌ಸೆಟ್ ನಾವೇ ಕೊಂಡು ಮನೆಯಲ್ಲಿ ಮಾಡಿಸಿದರೆ ಆಗಲ್ವಾ? ಇನ್ನೊಂದು ವಿಷಯ, ಅವರಿನ್ನೂ ಟಿವಿಎಸ್ ಓಡಿಸುತ್ತಾರೆ. ನಿಲ್ಲಿಸಬೇಕಾ?

ಉತ್ತರ: ಕೊಡಿಸಬಹುದು. ಆದರೆ ಅದಕ್ಕೆ ಮುಂಚೆ ಮಾಡಿಸಬೇಕಾದ್ದು ಕೆಲವಿದೆ. ನೆನಪಿನ ಶಕ್ತಿಗಾಗಿ ಅಂತ ಮಾತ್ರ ಕೊಡಿಸಬೇಡಿ. ಮನೆಗೆ ಹೆಡ್‌ಸೆಟ್ ಕೊಳ್ಳಲೇಬೇಡಿ. ಟಿವಿಎಸ್ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಬಚ್ಚಲುಮನೆಯಲ್ಲಿ ಜಾರುವುದು ಯಾರಿಗಾದರೂ ಆಗುತ್ತದೆ. ಸೋಪಿನ ನೀರು, ಸವೆದ ಹವಾಯಿ ಚಪ್ಪಲಿ, ಇಷ್ಟು ಸಾಕು. ಪೇಟೆಬೀದಿಯಲ್ಲಿ ಬಿದ್ದದ್ದೇ ನನಗೆ ಹೆಚ್ಚು ಮುಖ್ಯ ಅನ್ನಿಸಿತು. ನಾನು ವಯಸ್ಸಾದವರಿಗೆ ಫಿಸಿಯೋಥೆರಪಿ ಮಾಡುವವನು. ಬಿದ್ದೆ ಅಂತ ಯಾರಾದರೂ ಬಂದರೆ, ಬೀಳುವಾಗ ಇನ್ನೇನು ಮಾಡ್ತಿದ್ರಿ ಅಂತ ತಪ್ಪದೆ ಕೇಳುತ್ತೇನೆ. ಫೋನಲ್ಲಿದ್ದೆ, ಚೀಲದಲ್ಲಿ ಚಿಲ್ಲರೆ ಹುಡುಕ್ತಿದ್ದೆ, ಯಾರೋ ಕೂಗಿದರು, ತಿರುಗಿದೆ. ಇಂಥ ಉತ್ತರಗಳೇ ಜಾಸ್ತಿ.

ನಡೆಯುವುದಕ್ಕೆ ಕಾಲು ಮಾತ್ರ ಸಾಲದು, ಗಮನವೂ ಬೇಕು. ಕಣ್ಣು ದಾರಿ ನೋಡುತ್ತದೆ. ಒಳಗಿವಿ ತಲೆ ಎತ್ತ ವಾಲಿದೆ ಅಂತ ಹೇಳುತ್ತದೆ. ಅಂಗಾಲು ಮತ್ತು ಕೀಲುಗಳು ನೆಲ ಹೇಗಿದೆ ಅಂತ ತಿಳಿಸುತ್ತವೆ. ಈ ಮೂರೂ ಸುದ್ದಿಯನ್ನು ಮಿದುಳು ಕೂಡಿಸಿ ಮುಂದಿನ ಹೆಜ್ಜೆ ತೀರ್ಮಾನಿಸಬೇಕು. ಪ್ರಾಯದಲ್ಲಿ ಇದು ತಾನಾಗಿ ನಡೆಯುತ್ತದೆ. ವಯಸ್ಸಾದಂತೆ ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪ ಗಮನ ಕೊಡಬೇಕಾಗುತ್ತದೆ. ನಿಮ್ಮ ತಂದೆಗಿರುವ ಸ್ಥಿತಿಯಲ್ಲಿ ಹಲವರಿಗೆ ಆ ಗಮನವೇ ಕಮ್ಮಿ ಬೀಳುತ್ತದೆ. ಒಬ್ಬನೇ ಸಪ್ಲೈಯರ್ ಇರುವ ಹೋಟೆಲ್‌ನಲ್ಲಿ ಎರಡು ಟೇಬಲ್‌ನವರು ಒಟ್ಟಿಗೆ ಕರೆದ ಹಾಗೆ. ಫೋನಿನ ಕಡೆ ಹೋದರೆ ಕಾಲಿನ ಕಡೆ ಯಾರೂ ಇಲ್ಲ.

ಇದನ್ನು ತೋರಿಸಿದ ಒಂದು ಸ್ವೀಡಿಷ್ ಅಧ್ಯಯನ 1997ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತುಂಬ ಸರಳ. ಆಶ್ರಯಧಾಮದಲ್ಲಿದ್ದ 58 ಮಂದಿ ಹಿರಿಯರ ಜೊತೆ ನಡೆಯುತ್ತಾ ಮಾತು ಶುರು ಮಾಡಿದರು. ಉತ್ತರ ಹೇಳುವುದಕ್ಕೆ 12 ಜನ ನಡೆಯುವುದನ್ನೇ ನಿಲ್ಲಿಸಿಬಿಟ್ಟರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. ಯಂತ್ರ ಇಲ್ಲ, ಖರ್ಚಿಲ್ಲ. ನೀವೂ ನೋಡಬಹುದು. ಹಾಲ್‌ನಲ್ಲಿ ಅಪ್ಪನ ಪಕ್ಕದಲ್ಲೇ ನಡೆಯುತ್ತಾ ತರಕಾರಿ ಹೆಸರು ಹೇಳಿಸಿ, ಇಲ್ಲವಾದರೆ ಇಪ್ಪತ್ತರಿಂದ ಹಿಂದಕ್ಕೆ ಎಣಿಸಿ ಅನ್ನಿ. ವೇಗ ತೀರಾ ಕಮ್ಮಿಯಾಯಿತಾ? ನಿಂತುಬಿಟ್ಟರಾ? ಹೆಜ್ಜೆ ಅತ್ತಿತ್ತ ಹೋಯಿತಾ? ಸುಮ್ನೆ ನೋಡಿ, ಬರೆದಿಟ್ಟುಕೊಳ್ಳಿ. ಇದರಿಂದ ಮನೆಯಲ್ಲೇ ಕಾಯಿಲೆ ಹೇಳುವುದಕ್ಕೆ ಹೋಗಬೇಡಿ. ಡಾಕ್ಟರಿಗೆ ಮತ್ತು ಫಿಸಿಯೋಥೆರಪಿಸ್ಟ್‌ಗೆ ಹೇಳಿದರೆ ಅವರಿಗೆ ತುಂಬ ಉಪಯೋಗ.

ಈಗ ವಿಆರ್‌ಗೆ ಬರೋಣ. ಹೆಜ್ಜೆ ಮತ್ತು ಗಮನ ಎರಡನ್ನೂ ಒಟ್ಟಿಗೆ ಕೆಲಸಕ್ಕೆ ಹಚ್ಚುವುದು, ಅದೂ ಬಿದ್ದರೆ ಪೆಟ್ಟಾಗದ ಜಾಗದಲ್ಲಿ, ಇದೇ ಅದರ ಸಾರ. ಕಾಲಿಗೆ ಮಾತ್ರ ಶಕ್ತಿ ಕೊಟ್ಟರೆ ಅರ್ಧ ಕೆಲಸ. ಕುರ್ಚಿಯಲ್ಲಿ ಕೂತು ಪದಬಂಧ ಬಿಡಿಸಿದರೆ ಇನ್ನರ್ಧ. ಪೇಟೆಬೀದಿಯಲ್ಲಿ ಎರಡೂ ಒಟ್ಟಿಗೆ ಬೇಕು.

ಈ ಬಗ್ಗೆ ನಾನು ಹೆಚ್ಚು ನೆಚ್ಚಿಕೊಳ್ಳುವ ಪ್ರಯೋಗ 2016ರದ್ದು, ಅದೂ ‘ಲ್ಯಾನ್ಸೆಟ್’ನಲ್ಲೇ ಬಂದದ್ದು. ಇಸ್ರೇಲ್‌ನ ಟೆಲ್ ಅವೀವ್‌ನ ತಂಡ ಮುಂದೆ ನಿಂತು, ಐದು ದೇಶಗಳಲ್ಲಿ ನಡೆಸಿತು. 60ರಿಂದ 90 ವರ್ಷದ 302 ಜನ. ಹಿಂದಿನ ಆರು ತಿಂಗಳಲ್ಲಿ ಕನಿಷ್ಠ ಎರಡು ಸಲ ಬಿದ್ದವರನ್ನೇ ಆರಿಸಿದ್ದರು, ಅಂದರೆ ನಿಮ್ಮ ತಂದೆಯಂಥವರು. ಅರ್ಧ ಜನಕ್ಕೆ ಬರೀ ಟ್ರೆಡ್‌ಮಿಲ್ ನಡಿಗೆ. ಉಳಿದವರಿಗೆ ಅದೇ ಟ್ರೆಡ್‌ಮಿಲ್, ಮುಂದೆ ದೊಡ್ಡ ಸ್ಕ್ರೀನ್. ಕ್ಯಾಮೆರಾ ಅವರ ಪಾದಗಳನ್ನು ಹಿಡಿದು ಸ್ಕ್ರೀನ್‌ನಲ್ಲಿ ತೋರಿಸುತ್ತಿತ್ತು. ಅಡ್ಡ ಬಂದದ್ದನ್ನು ದಾಟಬೇಕು, ದಾರಿ ಕವಲಾದರೆ ಯಾವ ಕಡೆ ಅಂತ ಆರಿಸಬೇಕು, ನಡುವೆ ಗಮನ ಸೆಳೆಯುವ ಏನೇನೋ ಬರುತ್ತಿರುತ್ತದೆ. ವಾರಕ್ಕೆ ಮೂರು ಸಲ, ಸಲಕ್ಕೆ ಮುಕ್ಕಾಲು ಗಂಟೆ, ಆರು ವಾರ.

ಆಮೇಲಿನ ಆರು ತಿಂಗಳು ಬಿದ್ದದ್ದನ್ನು ಲೆಕ್ಕ ಇಟ್ಟರು. ಬರೀ ಟ್ರೆಡ್‌ಮಿಲ್‌ನವರು ಮೊದಲು ಆರು ತಿಂಗಳಿಗೆ ಸರಾಸರಿ 10.7 ಸಲ ಬೀಳುತ್ತಿದ್ದವರು 8.3ಕ್ಕೆ ಬಂದರು. ಸ್ಕ್ರೀನ್ ಇದ್ದವರು 11.9ರಿಂದ 6ಕ್ಕೆ ಇಳಿದರು. ಈ ಅಂಕಿ ನೋಡಿ ಹೆದರಬೇಡಿ. ಅದರಲ್ಲಿ ಪಾರ್ಕಿನ್‌ಸನ್ ಕಾಯಿಲೆಯವರೇ ಜಾಸ್ತಿ ಇದ್ದರು, ಪದೇ ಪದೇ ಬೀಳುವವರು ಅವರು.

ಇಲ್ಲಿ ಎರಡು ವಿಷಯ ಗಮನಿಸಿ. ಈ ಪ್ರಯೋಗದಲ್ಲಿ ಯಾರ ತಲೆಗೂ ಹೆಡ್‌ಸೆಟ್ ಹಾಕಿರಲಿಲ್ಲ. ಜಾಹೀರಾತಿನಲ್ಲಿ ವಿಆರ್ ಅಂದರೆ ಕಣ್ಣು ಮುಚ್ಚುವ ಡಬ್ಬಿ ಅಂತಲೇ ತೋರಿಸುತ್ತಾರೆ, ಗಟ್ಟಿ ಫಲಿತಾಂಶ ಬಂದದ್ದು ಗೋಡೆ ಮೇಲಿನ ಸ್ಕ್ರೀನ್‌ನಿಂದ. ಇನ್ನೊಂದು, ಕೊನೆಗೆ ಲೆಕ್ಕಕ್ಕೆ ಸಿಕ್ಕ 282 ಜನರಲ್ಲಿ ನಿಮ್ಮ ತಂದೆಯ ಥರದ ಸ್ಥಿತಿಯವರು 43 ಮಂದಿ ಮಾತ್ರ. ಇವರಿಗೇ ಅಂತ ಮಾಡಿದ ಬೇರೆ ಪ್ರಯೋಗಗಳೂ ಇವೆ. ಬಹುಪಾಲು ಚಿಕ್ಕವು, ಒಂದೊಂದರಲ್ಲಿ ಒಂದೊಂದು ಆಟ, ಒಂದೊಂದು ಅವಧಿ. ಒಟ್ಟಾರೆ ಬ್ಯಾಲೆನ್ಸ್ ಸುಧಾರಿಸುವ ಕಡೆಗೇ ಅವು ವಾಲುತ್ತವೆ. ಹಾಗಾಗಿ ಉಪಯೋಗ ಇದೆ ಅನ್ನುತ್ತೇನೆ, ಪವಾಡ ಅನ್ನುವುದಿಲ್ಲ.

ನೆನಪಿನ ಶಕ್ತಿ ಜಾಸ್ತಿಯಾಗುತ್ತದೆ ಅಂತ ಆ ಸೆಂಟರ್‌ನವರು ಹೇಳಿದ್ದು ನನಗೆ ಸರಿ ಕಾಣಲಿಲ್ಲ. ನಿಮ್ಮ ತಂದೆಗಿರುವುದು ಡಿಮೆನ್ಷಿಯಾ, ಅಂದರೆ ದಿನದ ಕೆಲಸಕ್ಕೇ ಅಡ್ಡಿಯಾಗುವ ಮರೆವಿನ ಕಾಯಿಲೆ, ಅಲ್ಲ ಅಂತ ನಿಮಗೆ ಡಾಕ್ಟರ್ ಹೇಳಿರುತ್ತಾರೆ. ಸ್ಪೆಷಲಿಸ್ಟ್ ಕ್ಲಿನಿಕ್‌ಗೆ ಬರುವವರಲ್ಲಿ ವರ್ಷಕ್ಕೆ ಸುಮಾರು 10ರಿಂದ 15 ಪರ್ಸೆಂಟ್ ಜನ ಮುಂದೆ ಡಿಮೆನ್ಷಿಯಾಗೆ ಹೋಗುತ್ತಾರೆ. ಹಲವರು ಇದ್ದ ಹಾಗೇ ಇರುತ್ತಾರೆ. ಕೆಲವರು ಮೊದಲಿನಂತಾಗುವುದೂ ಉಂಟು. ಹೀಗೆ ತಾನಾಗಿಯೇ ಏರಿಳಿಯುವ ಸ್ಥಿತಿಯಲ್ಲಿ ಯಾರಿಗೋ ಚೆನ್ನಾಯಿತು ಅಂದರೆ ಅದು ನಮ್ಮ ಯಂತ್ರದಿಂದಲೇ ಅನ್ನುವುದು ಸುಲಭ.

ಕೆನಡಾದಲ್ಲಿ ಇದೇ ಸ್ಥಿತಿಯ 175 ಹಿರಿಯರ ಮೇಲೆ ಮಾಡಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ದಿನ, 20 ವಾರ ವ್ಯಾಯಾಮ, ಜೊತೆಗೆ ಕೆಲವರಿಗೆ ಕಂಪ್ಯೂಟರ್‌ನಲ್ಲಿ ಗಮನದ ಅಭ್ಯಾಸ, ಕೆಲವರಿಗೆ ವಿಟಮಿನ್ ಡಿ. ವ್ಯಾಯಾಮ ಮತ್ತು ಗಮನದ ಅಭ್ಯಾಸ ಎರಡೂ ಸೇರಿದಾಗ ಬುದ್ಧಿಯ ಪರೀಕ್ಷೆಯಲ್ಲಿ ಅಂಕ ಸ್ವಲ್ಪ ಉತ್ತಮವಾಯಿತು. ವಿಟಮಿನ್ ಡಿ ಸೇರಿಸಿದ್ದರಿಂದ ಹೆಚ್ಚೇನೂ ಆಗಲಿಲ್ಲ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2018ರಲ್ಲೇ ಇಂಥವರಿಗೆ ವಾರಕ್ಕೆ ಎರಡು ಸಲ ವ್ಯಾಯಾಮ ಹೇಳಿ ಅಂತ ಡಾಕ್ಟರುಗಳಿಗೆ ಸೂಚಿಸಿದೆ. ಅಂದರೆ ಮೈ ಬೆವರಿಸುವುದು ತಲೆಗೂ ಒಳ್ಳೆಯದು. ಅದಕ್ಕೆ ಹೆಡ್‌ಸೆಟ್ಟೇ ಬೇಕು ಅಂತಿಲ್ಲ. ನೆನಪು ವಾಪಸ್ ತರಿಸುತ್ತೇವೆ ಅಂತ ಯಾರಾದರೂ ಪ್ಯಾಕೇಜ್ ಹೇಳಿದರೆ, ಒಂದು ನಮಸ್ಕಾರ ಹೇಳಿ ಎದ್ದು ಬನ್ನಿ.

ತಲೆಸುತ್ತಿನ ಬಗ್ಗೆ ಕೇಳಿದ್ದೀರಿ. ಕೆಲವರಿಗೆ ಆಗುತ್ತದೆ. ಹೆಡ್‌ಸೆಟ್‌ನಲ್ಲಿ ಕಣ್ಣು ‘ಮುಂದೆ ಹೋಗ್ತಿದ್ದೀನಿ’ ಅನ್ನುತ್ತದೆ, ಒಳಗಿವಿ ‘ಇಲ್ಲ, ನಿಂತಲ್ಲೇ ಇದ್ದೀಯ’ ಅನ್ನುತ್ತದೆ. ಈ ಜಗಳದಲ್ಲಿ ವಾಕರಿಕೆ, ಬೆವರು, ತಲೆಭಾರ ಬರುತ್ತದೆ. ಸ್ಕ್ರೀನ್‌ನಲ್ಲಿ ಇದು ಕಮ್ಮಿ, ಯಾಕೆಂದರೆ ಸುತ್ತಲ ಕೋಣೆ ಕಾಣುತ್ತಿರುತ್ತದೆ. ಹೆಡ್‌ಸೆಟ್ಟೇ ಆದರೆ ಮೊದಲು ಕೆಲವೇ ನಿಮಿಷ, ಕೂತುಕೊಂಡು, ನಿಧಾನಕ್ಕೆ ಚಲಿಸುವ ದೃಶ್ಯ ಮಾತ್ರ. ಮುಗಿದ ಮೇಲೆ ತಕ್ಷಣ ಎದ್ದು ಓಡಾಡಿಸಬೇಡಿ, ಸ್ವಲ್ಪ ಹೊತ್ತು ಕೂರಿಸಿ. ಆ ಹೊತ್ತಿನಲ್ಲೇ ಬೀಳುವ ಭಯ ಜಾಸ್ತಿ. ಫಿಟ್ಸ್ ಬಂದಿದ್ದವರಿಗೆ, ತಲೆಸುತ್ತಿನ ಕಾಯಿಲೆ ಇದ್ದವರಿಗೆ ಡಾಕ್ಟರನ್ನು ಕೇಳದೆ ಹೆಡ್‌ಸೆಟ್ ಬೇಡ.

ಅದಕ್ಕೂ ಮುಂಚೆ ಅಂದೆನಲ್ಲ, ಅದು ಇದು. ಬೀಳುವುದಕ್ಕೆ ಬೇರೆ ಕಾರಣ ಇದ್ದು ಅದನ್ನು ಬಿಟ್ಟು ವಿಆರ್‌ಗೆ ದುಡ್ಡು ಸುರಿದರೆ ಪ್ರಯೋಜನವಿಲ್ಲ. ಮೊದಲು ಬಿ.ಪಿ. ನೋಡಿಸಿ. ಸುಮ್ನೆ ಕೂರಿಸಿ ಒಂದು ಸಲ ನೋಡಿದರೆ ಸಾಲದು. ಐದು ನಿಮಿಷ ಮಲಗಿಸಿ ನೋಡಬೇಕು, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಇಳಿದರೆ, ಅಥವಾ ಕೆಳಗಿನದು 10 ಇಳಿದರೆ, ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದಕ್ಕೆ ಅದೇ ಕಾರಣ ಇರಬಹುದು. ಬಿ.ಪಿ. ಮಾತ್ರೆಯನ್ನು ಡಾಕ್ಟರ್ ಹೊಂದಿಸಿಕೊಡುತ್ತಾರೆ. ಆಮೇಲೆ ಮಾತ್ರೆಗಳ ಚೀಲವನ್ನೇ ಪೂರ್ತಿ ತೆಗೆದುಕೊಂಡು ಹೋಗಿ ತೋರಿಸಿ. ನಿದ್ದೆ ಮಾತ್ರೆ, ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತಂದ ನೆಗಡಿ ಮಾತ್ರೆ, ಕೆರೆತದ ಮಾತ್ರೆ, ಇವೆಲ್ಲ ಮಂಪರು ತರುತ್ತವೆ. ಮರೆವನ್ನೂ ಹೆಚ್ಚಿಸುತ್ತವೆ, ಬೀಳಿಸುವುದನ್ನೂ ಹೆಚ್ಚಿಸುತ್ತವೆ. ಇದೊಂದು ಸರಿಮಾಡಿಯೇ ಸುಧಾರಿಸಿದವರನ್ನು ನೋಡಿದ್ದೇನೆ.

ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಆಗಿದೆಯಾ ನೋಡಿ. ಮಾಂಸ ತಿನ್ನದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದರಿಂದ ಪಾದ ಮರಗಟ್ಟುತ್ತದೆ, ಮರೆವೂ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಅಂಗಾಲಿನ ಸ್ಪರ್ಶ ಪರೀಕ್ಷೆ ಮಾಡಿಸಿ. ಕಣ್ಣಿನ ಪೊರೆ ಇದೆಯಾ? ಎರಡು ಭಾಗದ ಕನ್ನಡಕ ಹಾಕಿ ಮೆಟ್ಟಿಲಿಳಿದರೆ ಕೆಳಗಿನ ಮೆಟ್ಟಿಲು ಮಸುಕಾಗುತ್ತದೆ, ನಡೆಯುವುದಕ್ಕೆ ಅಂತ ದೂರದ ಕನ್ನಡಕ ಬೇರೆ ಮಾಡಿಸಿ. ಕಿವಿ ಬಿಡಬೇಡಿ. ಮೈಸೂರಿಗೆ ಹೇಗೂ ಬರುತ್ತೀರಿ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಊರವರೆಲ್ಲ ‘ಸ್ಪೀಚ್ ಅಂಡ್ ಹಿಯರಿಂಗ್’ ಅನ್ನುತ್ತಾರೆ. ಅಲ್ಲಿ ಕಿವಿ ಪರೀಕ್ಷೆ ಮಾಡಿಸಿ. ಮಾತು ಸರಿಯಾಗಿ ಕೇಳದವರು ಕೇಳಿಸಿಕೊಳ್ಳುವುದಕ್ಕೇ ಅಷ್ಟು ಗಮನ ಖರ್ಚು ಮಾಡುತ್ತಾರೆ, ಕಾಲಿಗೆ ಉಳಿಯುವುದು ಕಮ್ಮಿ. ಪೇಟೆಬೀದಿಯ ಗಲಾಟೆಯಲ್ಲಿ ಫೋನ್ ಕಿವಿಗೆ ಒತ್ತಿ ಹಿಡಿದು ಏನು ಏನು ಅನ್ನುತ್ತಿದ್ದರಾ? ಕೇಳಿ ನೋಡಿ.

ಇಷ್ಟೆಲ್ಲ ಆಗಿ, ವಿಆರ್ ಕೊಡಿಸೋಣ ಅಂದರೆ, ಆ ಸೆಂಟರ್‌ಗೆ ಒಂದು ಸಲ ಅಪ್ಪನಿಲ್ಲದೆ ನೀವೊಬ್ಬರೇ ಹೋಗಿ ನೋಡಿ ಬನ್ನಿ. ಮೊದಲ ದಿನ ಏನು ಅಳೆಯುತ್ತಾರೆ ಅಂತ ಕೇಳಿ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ ಎಷ್ಟು ಸೆಕೆಂಡ್ ಅಂತ ನೋಡುವ ಒಂದು ಪರೀಕ್ಷೆ ಇದೆ. 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. 56 ಅಂಕದ ಬರ್ಗ್ ಬ್ಯಾಲೆನ್ಸ್ ಪರೀಕ್ಷೆಯೂ ಇದೆ. ಇಂಥದ್ದೇನೂ ಮಾಡದೆ ನೇರ ಆಟಕ್ಕೆ ನಿಲ್ಲಿಸುವವರು ಸುಧಾರಿಸಿತು ಅಂತ ಹೇಗೆ ಹೇಳುತ್ತಾರೆ? ಎರಡನೆಯದು, ಅಭ್ಯಾಸ ಮಾಡುವಾಗ ಮೇಲಿನಿಂದ ಸೇಫ್ಟಿ ಬೆಲ್ಟ್ ಇದೆಯಾ, ಇಲ್ಲವಾದರೆ ಕೈಗೆಟುಕುವಷ್ಟು ಹತ್ತಿರ ತರಬೇತಾದ ಫಿಸಿಯೋಥೆರಪಿಸ್ಟ್ ನಿಂತಿರುತ್ತಾರಾ? ಮೂಲೆಯಲ್ಲಿ ಕೂತು ಮೊಬೈಲ್ ನೋಡುವ ಹುಡುಗ ಲೆಕ್ಕಕ್ಕಿಲ್ಲ. ಆಟ ಕನ್ನಡದಲ್ಲಿ ಹೇಳಿಕೊಡುತ್ತಾರಾ ಅನ್ನುವುದೂ ಮುಖ್ಯ. ಇಂಗ್ಲಿಷ್ ಸೂಚನೆ ಅರ್ಥ ಮಾಡಿಕೊಳ್ಳುವುದರಲ್ಲೇ ಗಮನ ಮುಗಿದುಹೋದರೆ ನಡಿಗೆಗೆ ಏನು ಸಿಕ್ಕಿತು?

ಇನ್ನೊಂದು ಲೆಕ್ಕ ನೀವು ಮಾಡಬೇಕು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ವಾರಕ್ಕೆ ಮೂರು ಸಲ ಬಸ್ಸೋ ರೈಲೋ ಹತ್ತಿ ಇಳಿಯಬೇಕು. ರೈಲಿನ ಮೆಟ್ಟಿಲು, ನೂಕುನುಗ್ಗಲು, ಇದೂ ಬೀಳುವ ಜಾಗವೇ. ಸುಸ್ತಾಗಿ ಬಂದವರಿಗೆ ಬ್ಯಾಲೆನ್ಸ್ ತರಬೇತಿ ಹತ್ತುವುದಿಲ್ಲ. ಆರು ವಾರ ಯಾರಾದರೂ ಕಾರಿನಲ್ಲಿ ಕರೆದುಕೊಂಡು ಬರುವಂತಿದ್ದರೆ ಸರಿ. ಇಲ್ಲವೇ, ಮಂಡ್ಯದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜಿನ ಮಿಮ್ಸ್ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಗೆ ವಿಚಾರಿಸಿ, ‘ನಡೆಯುತ್ತಾ ಇನ್ನೊಂದು ಕೆಲಸ ಮಾಡುವ ಅಭ್ಯಾಸ ಬೇಕು’ ಅಂತಲೇ ಕೇಳಿ. ವಿಆರ್ ಇಲ್ಲದೆಯೂ ಅದನ್ನು ಮಾಡಿಸುವುದಕ್ಕೆ ಬರುತ್ತದೆ.

ಹೆಡ್‌ಸೆಟ್ ಮನೆಗೆ ಯಾಕೆ ಬೇಡ ಅಂದೆ? ಅದು ಅರ್ಧ ಕೆಜಿ ತೂಕ, ಮುಖದ ಮುಂದೆ ನೇತಾಡುತ್ತದೆ. ಹಾಕಿಕೊಂಡರೆ ತನ್ನ ಕಾಲೇ ತನಗೆ ಕಾಣುವುದಿಲ್ಲ. ಟೀಪಾಯಿ, ಹೊಸ್ತಿಲು, ಮೊಮ್ಮಕ್ಕಳ ಸೈಕಲ್, ಒಂದೂ ಕಾಣುವುದಿಲ್ಲ. ಆಡುವ ಜಾಗಕ್ಕೆ ಗೆರೆ ಹಾಕಿಕೊಳ್ಳುವ ಸೌಲಭ್ಯ ಅದರಲ್ಲಿದೆ, ಆದರೆ ಅದನ್ನು ನೆನಪಿಟ್ಟು ಪಾಲಿಸುವುದಕ್ಕೆ ಬೇಕಾದ ಶಕ್ತಿಯೇ ಇವರಲ್ಲಿ ಕುಂದಿರುವುದು. ಈಗಾಗಲೇ ಎರಡು ಸಲ ಬಿದ್ದವರಿಗೆ ಕಣ್ಣು ಕಟ್ಟಿ ನಿಲ್ಲಿಸುವುದು ಬೇಡ.

ಆ ದುಡ್ಡಿನಲ್ಲಿ ಸ್ವಲ್ಪವನ್ನು ಬಚ್ಚಲಿಗೆ ಹಾಕಿ. ಗೋಡೆಗೆ ಸ್ಟೀಲ್ ಹಿಡಿಕೆ, ನೆಲಕ್ಕೆ ರಬ್ಬರ್ ಮ್ಯಾಟ್, ರಾತ್ರಿ ಉರಿಯುವ ಚಿಕ್ಕ ಬಲ್ಬು.

ಮನೆಯಲ್ಲಿ ಮಾಡಿಸುವುದಕ್ಕೆ ಇದು. ಅಡುಗೆಮನೆ ಕಟ್ಟೆ ಎದುರು ನಿಲ್ಲಿಸಿ, ಕೈ ಕಟ್ಟೆಯ ಮೇಲಿರಲಿ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಹತ್ತು ಸಲ. ಒಂದು ಕಾಲಿನ ಬೆರಳಿಗೆ ಇನ್ನೊಂದು ಕಾಲಿನ ಹಿಮ್ಮಡಿ ತಾಗಿಸಿ, ಗೆರೆಯ ಮೇಲೆ ನಡೆದ ಹಾಗೆ, ಕಟ್ಟೆ ಉದ್ದಕ್ಕೂ. ಪಕ್ಕಕ್ಕೆ ಹೆಜ್ಜೆ ಇಡುತ್ತಾ ಅತ್ತಿಂದಿತ್ತ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಆದಷ್ಟು ಸಲ. ನ್ಯೂಜಿಲೆಂಡ್‌ನಲ್ಲಿ ರೂಪಿಸಿದ ಒಟಾಗೊ ಅನ್ನುವ ವ್ಯಾಯಾಮ ಕ್ರಮದಲ್ಲೂ ಹೆಚ್ಚುಕಮ್ಮಿ ಇಂಥವೇ ಇವೆ, ಜೊತೆಗೆ ನಡಿಗೆ. ಮನೆಯಲ್ಲೇ ಮಾಡಿದ ಈ ಕ್ರಮದಿಂದ ಹಿರಿಯರು ಬೀಳುವುದು ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಗಿದೆ. ಮೊದಲ ಸಲ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಮಾಡಲಿ, ನೀವು ಪಕ್ಕದಲ್ಲಿರಿ.

ಇವು ಸಲೀಸಾದ ಮೇಲೆ ಮಾತ್ರ ತಲೆಗೆ ಕೆಲಸ ಸೇರಿಸಿ. ಕಟ್ಟೆ ಹಿಡಿದು ನಡೆಯುತ್ತಾ ಮಂಡ್ಯದಿಂದ ಮೈಸೂರಿನವರೆಗೆ ರೈಲು ನಿಲ್ಲುವ ಊರುಗಳನ್ನು ಹೇಳಲಿ, ವಾಪಸ್ ಬರುವಾಗ ಉಲ್ಟಾ ಹೇಳಲಿ. ರೇಷ್ಮೆ ಇಲಾಖೆಯವರಲ್ವಾ, ಹುಳು ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಗೂಡು ಕಟ್ಟುವವರೆಗೆ ಏನೇನು ಮಾಡಬೇಕು ಅಂತ ನಡೆಯುತ್ತಾ ವಿವರಿಸಲಿ. ಗೊತ್ತಿರುವ ವಿಷಯವಾದರೆ ಅವರಿಗೂ ಪರೀಕ್ಷೆ ಬರೆದಂತೆ ಅನ್ನಿಸುವುದಿಲ್ಲ. ತಪ್ಪಿದರೆ ತಿದ್ದಬೇಡಿ. ತಡವರಿಸಿದರೆ ಮಾತು ನಿಲ್ಲಿಸಿ, ಹೆಜ್ಜೆ ಮೊದಲು ಸರಿಯಾಗಲಿ. ಮತ್ತೆ, ರಸ್ತೆಯಲ್ಲಿ ಈ ಅಭ್ಯಾಸ ಬೇಡವೇ ಬೇಡ. ಅಲ್ಲಿ ನಿಯಮ ಒಂದೇ, ಫೋನ್ ಬಂದರೆ ಅಂಗಡಿ ಜಗಲಿ ಪಕ್ಕ ನಿಂತು ಮಾತಾಡಬೇಕು, ಮುಗಿಸಿ ನಡೆಯಬೇಕು.

ಇನ್ನು ಟಿವಿಎಸ್. ನಿಮ್ಮ ಪ್ರಶ್ನೆಗಳಲ್ಲಿ ತುರ್ತಾದ್ದು ಇದೇ ಅಂತ ನನ್ನ ಅಭಿಪ್ರಾಯ. ಫೋನಿನಲ್ಲಿ ಮಾತಾಡುತ್ತಾ ನಡೆಯುವುದಕ್ಕೇ ಕಷ್ಟವಾದವರಿಗೆ ಎದುರಿಗೆ ಲಾರಿ, ಪಕ್ಕದಲ್ಲಿ ಆಟೋ, ಹಿಂದೆ ಹಾರ್ನ್, ಕೈಯಲ್ಲಿ ಬ್ರೇಕು, ಇಷ್ಟನ್ನೂ ಒಟ್ಟಿಗೆ ನಿಭಾಯಿಸಿ ಎರಡು ಚಕ್ರದ ಮೇಲೆ ಬ್ಯಾಲೆನ್ಸ್ ಮಾಡುವುದು ಇನ್ನೂ ಕಷ್ಟ. ಈ ಸ್ಥಿತಿ ಇರುವವರೆಲ್ಲ ಗಾಡಿ ಬಿಡಲೇಬೇಕು ಅಂತಿಲ್ಲ. ಆದರೆ ಎರಡು ಸಲ ಬಿದ್ದಾದ ಮೇಲೆ, ನರರೋಗ ತಜ್ಞರು ಮತ್ತೆ ನೋಡಿ ಹೇಳುವವರೆಗಾದರೂ ನಿಲ್ಲಿಸಿ. ಅದರಲ್ಲೂ ಮೊಮ್ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವುದು ಇವತ್ತಿಂದಲೇ ಬೇಡ.

ನೀವು ಹೇಳಿದರೆ ಕೇಳಲಿಕ್ಕಿಲ್ಲ. ಕೀಲಿ ಬಚ್ಚಿಡುವುದು, ಪೆಟ್ರೋಲ್ ಖಾಲಿ ಮಾಡಿಡುವುದು ಇಂಥದ್ದೆಲ್ಲ ಮಾಡಬೇಡಿ, ಮಕ್ಕಳು ಮೋಸ ಮಾಡ್ತಿದ್ದಾರೆ ಅಂತ ಅನುಮಾನ ಶುರುವಾಗುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅಪ್ಪನ ಎದುರಿಗೇ ಬಿದ್ದದ್ದನ್ನು ಹೇಳಿ, ಗಾಡಿ ಓಡಿಸುವ ಬಗ್ಗೆ ಚೀಟಿಯಲ್ಲೇ ಬರೆದುಕೊಡಿ ಅಂತ ಕೇಳಿ. ಸರ್ಕಾರಿ ಕೆಲಸದಲ್ಲಿದ್ದವರಿಗೆ ಬರಹದಲ್ಲಿ ಬಂದದ್ದಕ್ಕೆ ಬೇರೆಯೇ ಬೆಲೆ. ಅವರು ಟಿವಿಎಸ್‌ನಲ್ಲಿ ದಿನಾ ಎಲ್ಲಿಗೆ ಹೋಗುತ್ತಾರೆ ಅಂತ ಮೊದಲೇ ತಿಳಿದುಕೊಂಡು, ಹಾಲಿಗೋ ಪೇಪರಿಗೋ ಗೆಳೆಯರ ಹರಟೆಗೋ, ಅಲ್ಲಿಗೆ ಹೋಗಿಬರುವುದಕ್ಕೆ ಗೊತ್ತಿರುವ ಒಬ್ಬ ಆಟೋದವರನ್ನು ಮಾತಾಡಿಟ್ಟಿರಿ. ಗಾಡಿ ನಿಂತ ದಿನದಿಂದಲೇ ಅದು ಶುರುವಾಗಲಿ.